ಬಿಹೇವಿಯರ್ ಸಪೋರ್ಟ್ ಮತ್ತು ಕ್ರೈಸಿಸ್ ಡಿ-ಎಸ್ಕಲೇಶನ್ ಟ್ರೇನಿಂಗ್: ಸ್ಪೆಷಲ್ ಸ್ಕೂಲ್, ಹಾಸ್ಟೆಲ್, ವಾರ್ಡ್ ಸ್ಟಾಫ್ ಪದೇ ಪದೇ ಕೇಳೋ ಪ್ರಶ್ನೆಗಳು

ಸ್ಪೆಷಲ್ ಸ್ಕೂಲ್ ಟೀಚರ್ಸು, ಹಾಸ್ಟೆಲ್ ವಾರ್ಡನ್ನು, ಸೈಕಿಯಾಟ್ರಿ ವಾರ್ಡಿನ ನರ್ಸುಗಳು, ಡೇ ಕೇರ್ ಆಯಾಗಳು, ಹೀಗೆ ಟ್ರೇನಿಂಗಿಗೆ ಬರೋರೆಲ್ಲಾ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನಿಮ್ಮ ಸೆಂಟರಿನ ವಾಟ್ಸಾಪ್ ಗ್ರೂಪಿಗೆ ಹಾಕ್ಕೊಳ್ಳಿ, ಮುಖ್ಯವಾಗಿ ಆಯಾಗಳಿಗೂ ಅಟೆಂಡರ್‌ಗಳಿಗೂ ಓದಿ ಹೇಳಿ.

ಮಗು ಹೊಡೆಯೋಕೆ ಬಂದಾಗ ಹೇಗೆ ಹಿಡ್ಕೋಬೇಕು ಅಂತ ಕಲಿಸ್ತೀರಾ?

ಎಲ್ಲರೂ ಮೊದಲು ಕೇಳೋದೇ ಇದು. ಕಲಿಸ್ತೀವಿ, ಆದ್ರೆ ಕೊನೇಲಿ, ಅದೂ ಸ್ವಲ್ಪವೇ. ಹಿಡ್ಕೊಳ್ಳೋದೇ ಟ್ರೇನಿಂಗ್ ಅನ್ಕೊಂಡು ಬರೋರಿಗೆ ಮೊದಲ ದಿನ ಸ್ವಲ್ಪ ನಿರಾಸೆ ಆಗತ್ತೆ, ಯಾಕಂದ್ರೆ ಟೈಮೆಲ್ಲಾ ಹೋಗೋದು ಹೊಡೆಯೋ ಹಂತದ ತನಕ ಯಾಕೆ ಬರ್ತಾ ಇದೆ, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ನಾವು ಏನ್ ಮಾಡಿದ್ವಿ, ನಮ್ಮ ದನಿ ಎಷ್ಟು ಜೋರಿತ್ತು, ಇದನ್ನೆಲ್ಲಾ ನೋಡೋದ್ರಲ್ಲಿ. ಈ ಕೆಲಸದಲ್ಲಿ ಎರಡು ಭಾಗ ಇದೆ. ಬಿಹೇವಿಯರ್ ಸಪೋರ್ಟ್ ಅಂದ್ರೆ ದಿನಾ ಮಾಡೋ ಕೆಲಸ: ಕಾರಣ ಹುಡುಕೋದು, ವಾತಾವರಣ ಬದಲಾಯಿಸೋದು, ಬೇಕಾದ್ದನ್ನ ಕೇಳೋಕೆ ಬೇರೆ ದಾರಿ ಕಲಿಸೋದು. ಡಿ-ಎಸ್ಕಲೇಶನ್ ಅಂದ್ರೆ ಸಿಟ್ಟು, ಭಯ, ಗಾಬರಿ ಏರ್ತಾ ಇರೋ ಆ ಹತ್ತು ಹದಿನೈದು ನಿಮಿಷ ನಾವು ಹೇಗೆ ನಡ್ಕೋತೀವಿ ಅನ್ನೋದು. ಮೊದಲನೇದು ಸರಿಯಾಗಿದ್ರೆ ಎರಡನೇದರ ಅಗತ್ಯ ತುಂಬಾ ಕಮ್ಮಿ ಆಗತ್ತೆ.

ಯಾರ್ಯಾರು ಬರಬೇಕು? ಟೀಚರ್ಸ್ ಬಂದ್ರೆ ಸಾಕಲ್ವಾ?

ಸಾಲಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ನಂಗೆ ಸಮಾಧಾನ ಇಲ್ಲ. ಸಂಸ್ಥೆಗಳು ಡಿಗ್ರಿ ಇರೋರನ್ನ, ಸರ್ಟಿಫಿಕೇಟ್ ಬೇಕಾದವರನ್ನ ಕಳಿಸ್ತಾರೆ. ಆದ್ರೆ ಮಗು ಬಾತ್‌ರೂಮಲ್ಲಿ ಕಿರುಚ್ಕೊಂಡಾಗ ಪಕ್ಕದಲ್ಲಿರೋದು ಆಯಾ, ವ್ಯಾನಲ್ಲಿ ಪಕ್ಕದ ಸೀಟಿನ ಹುಡುಗನ ಕೂದಲು ಎಳೆದಾಗ ಇರೋದು ಡ್ರೈವರ್, ರಾತ್ರಿ ಎರಡು ಗಂಟೆಗೆ ವಾರ್ಡಲ್ಲಿ ರೋಗಿ ಎದ್ದು ಬಾಗಿಲು ಬಡಿಯೋಕೆ ಶುರು ಮಾಡಿದಾಗ ಎದುರಿಗಿರೋದು ಅಟೆಂಡರ್ರು ಮತ್ತೆ ಸೆಕ್ಯುರಿಟಿಯೋರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲ್ಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದಲು ಬೈಸ್ಕೊಳ್ಳೋದೂ ಅವರೇ. ಹಾಗಾಗಿ ನೀವು ಐದು ಜನರನ್ನ ಕಳಿಸೋ ಹಾಗಿದ್ರೆ ಅದ್ರಲ್ಲಿ ಕನಿಷ್ಠ ಇಬ್ಬರು ಆಯಾ ಅಥವಾ ಅಟೆಂಡರ್ ಇರಲಿ, ಅವತ್ತಿನ ಸಂಬಳ ಕಟ್ ಮಾಡ್ದೆ ಕಳಿಸಿ. ಓದೋಕೆ ಬರೆಯೋಕೆ ಬರದಿದ್ರೂ ನಡೆಯತ್ತೆ, ಇದು ಮಾಡಿ ಕಲಿಯೋ ವಿಷಯ.

ಕಾರಣ ಕಂಡುಹಿಡಿಯೋದು ಹೇಗೆ? ನಮ್ಮ ಮಕ್ಕಳಿಗೆ ಮಾತೇ ಬರಲ್ಲ.

ಮಾತು ಬರದೇ ಇರೋದ್ರಿಂದಲೇ ಇಷ್ಟೆಲ್ಲಾ ಆಗೋದು. ಎಬಿಸಿ ಚಾರ್ಟ್ ಅಂತ ಕೇಳಿರ್ತೀರ: ಮುಂಚೆ ಏನಾಯ್ತು, ಮಗು ಏನ್ ಮಾಡ್ತು, ಆಮೇಲೆ ಏನಾಯ್ತು, ಮೂರು ಕಾಲಂ ಅಷ್ಟೇ. ಆದ್ರೆ ಬರೆಯೋ ರೀತಿ ಮುಖ್ಯ. "ಸಿಟ್ಟು ಮಾಡ್ಕೊಂಡ", "ತುಂಬಾ ಅಗ್ರೆಸಿವ್ ಆದ" ಅಂತ ಬರೆದ್ರೆ ಅದ್ರಿಂದ ಏನೂ ಗೊತ್ತಾಗಲ್ಲ. "11:40ಕ್ಕೆ ಬಲಗೈಯಿಂದ ಪಕ್ಕದ ಹುಡುಗನ ಬೆನ್ನಿಗೆ ಮೂರು ಸಲ ಹೊಡೆದ" ಅಂತ ಬರೀಬೇಕು, ಕಣ್ಣಿಗೆ ಕಂಡಿದ್ದು ಮಾತ್ರ.

ಟ್ರೇನಿಂಗಲ್ಲಿ ಬಿಡಿಸೋಕೆ ಕೊಡೋ ಒಂದು ಕೇಸ್ ಹೇಳ್ತೀನಿ. ಒಂಬತ್ತು ವರ್ಷದ ಹುಡುಗ, ಆಟಿಸಂ ಇದೆ, ಮಾತಿಲ್ಲ. ಊಟಕ್ಕೆ ಮುಂಚೆ ದಿನಾ ಯಾರಿಗಾದ್ರೂ ಹೊಡೀತಾನೆ. ಟೀಚರ್ ಅವನನ್ನ ಎಬ್ಬಿಸಿ ಅಂಗಳಕ್ಕೆ ಕರ್ಕೊಂಡು ಹೋಗ್ತಾರೆ, ಐದು ನಿಮಿಷಕ್ಕೆ ಸುಮ್ನಾಗ್ತಾನೆ. ಎಲ್ಲರ ಅಭಿಪ್ರಾಯ ಏನಂದ್ರೆ ಅವನಿಗೆ ಹಸಿವು ತಡೆಯೋಕಾಗಲ್ಲ ಅಂತ. ಎರಡು ವಾರ ಚಾರ್ಟ್ ಬರೆದ ಮೇಲೆ ನೋಡಿದ್ರೆ ಶನಿವಾರ ಒಂದ್ಸಲವೂ ಹೊಡೆದಿಲ್ಲ. ಶನಿವಾರ ಅರ್ಧ ದಿನ, ಅಡುಗೆ ಇಲ್ಲ. ಆಗ ಆಯಾ ಹೇಳ್ತಾಳೆ, "ಮೇಡಂ, ಕುಕ್ಕರ್ ಕೂಗೋಕೆ ಮುಂಚೆ ಸುಯ್ ಅಂತ ಶುರುವಾಗತ್ತಲ್ಲ, ಆವಾಗ್ಲೇ ಅವನು ಕಿವಿ ಮುಚ್ಕೋತಾನೆ." ಅಡುಗೆಮನೆ ಕ್ಲಾಸಿನ ಗೋಡೆಗೆ ಅಂಟ್ಕೊಂಡೇ ಇದೆ. ಹೊಡೆದ್ರೆ ಹೊರಗೆ ಕರ್ಕೊಂಡ್ ಹೋಗ್ತಾರೆ, ಹೊರಗೆ ಹೋದ್ರೆ ಸದ್ದು ಕಮ್ಮಿ, ಅಂದ್ರೆ ಹೊಡೆಯೋದು ಅವನ ಪಾಲಿಗೆ ಕೆಲಸ ಮಾಡ್ತಾ ಇದೆ. ಈಗ ಮಾಡಬೇಕಾದ್ದು ಕುಕ್ಕರ್ ಇಡೋ ಹೊತ್ತಿಗೆ ಸರಿಯಾಗಿ ಅವನಿಗೆ ಅಂಗಳದಲ್ಲಿ ಏನಾದ್ರೂ ಕೆಲಸ ಕೊಡೋದು, ಕಿವಿಗೆ ಹಾಕೋ ಮಫ್ ಕೊಡೋದು, ಜೊತೆಗೆ "ಹೊರಗೆ" ಅನ್ನೋ ಚಿತ್ರದ ಕಾರ್ಡ್ ತೋರಿಸೋಕೆ ಕಲಿಸೋದು. ಈ ಕೇಸಲ್ಲಿ ಗಮನಿಸಬೇಕಾದ್ದು ಅದನ್ನ ನೋಡಿದ್ದು ಯಾರು ಅನ್ನೋದು.

ಸಾಮಾನ್ಯವಾಗಿ ಕಾರಣಗಳು ನಾಲ್ಕು ಗುಂಪಲ್ಲಿ ಬರ್ತವೆ: ಏನೋ ಬೇಕು, ಏನೋ ಬೇಡ, ಯಾರಾದ್ರೂ ನನ್ನ ಕಡೆ ನೋಡ್ಲಿ, ಅಥವಾ ಆ ಕ್ರಿಯೆಯೇ ದೇಹಕ್ಕೆ ಹಿತ ಕೊಡ್ತಾ ಇದೆ. 1982ರಲ್ಲಿ ಅಮೆರಿಕದಲ್ಲಿ ಬ್ರಯನ್ ಇವಾಟಾ ಮತ್ತು ಜೊತೆಗಾರರು ತಮಗೇ ಹೊಡ್ಕೊಳ್ಳೋ ಮಕ್ಕಳ ಮೇಲೆ ಮಾಡಿದ ಅಧ್ಯಯನದಿಂದ ಈ ರೀತಿ ಯೋಚನೆ ಮಾಡೋದು ಗಟ್ಟಿಯಾಯ್ತು, ನೋಡೋಕೆ ಒಂದೇ ಥರದ ವರ್ತನೆ ಇದ್ರೂ ಬೇರೆ ಬೇರೆ ಮಕ್ಕಳಲ್ಲಿ ಕಾರಣ ಬೇರೆ ಬೇರೆ ಅಂತ ಗೊತ್ತಾಯ್ತು. ನಮ್ಮ ದೇಶದಲ್ಲಿ ಬೌದ್ಧಿಕ ಅಸಾಮರ್ಥ್ಯಕ್ಕೆ ಅಂತಲೇ ಇರೋ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಈಗಿನ ಎನ್‌ಐಇಪಿಐಡಿ, 1992ರಲ್ಲಿ ತಂದ ಬೇಸಿಕ್-ಎಂಆರ್ ಅನ್ನೋ ಸ್ಕೇಲ್ ಇದೆ, ಅದರ ಬಿ ಭಾಗದಲ್ಲಿ 75 ಸಮಸ್ಯೆ ವರ್ತನೆಗಳಿಗೆ 0, 1, 2 ಅಂತ ಅಂಕ ಹಾಕೋದು. ಸ್ಪೆಷಲ್ ಎಜುಕೇಟರ್ಸ್‌ಗೆ ಗೊತ್ತಿರೋದೇ. ಆದ್ರೆ ಅದು ಯಾವ ವರ್ತನೆ ಎಷ್ಟಿದೆ ಅಂತ ಹೇಳತ್ತೆ, ಯಾಕಿದೆ ಅನ್ನೋದಕ್ಕೆ ಚಾರ್ಟ್ ಬರೀಲೇಬೇಕು.

ಇದ್ದಕ್ಕಿದ್ದ ಹಾಗೆ ಹೊಸದಾಗಿ ಶುರುವಾಗಿದೆ, ಕಾರಣವೇ ಇಲ್ಲ ಅನ್ಸತ್ತೆ?

ಮೊದಲು ಡಾಕ್ಟರ್ ಹತ್ರ ಹೋಗಿ. ಹಲ್ಲುನೋವು, ಕಿವಿ ಸೋರೋದು, ಮಲಬದ್ಧತೆ, ಜಂತುಹುಳ, ಹುಡುಗಿಯರಿಗೆ ಮುಟ್ಟಿನ ಹೊಟ್ಟೆನೋವು, ಫಿಟ್ಸ್, ಮಾತ್ರೆ ಬದಲಾಗಿರೋದು, ನಿದ್ದೆ ಇಲ್ಲದಿರೋದು. ನೋವು ಅಂತ ಹೇಳೋಕೆ ಬರದ ಮಗು ತಲೆ ಗೋಡೆಗೆ ಚಚ್ಕೊಂಡು ಹೇಳತ್ತೆ. ಇನ್ನೊಂದು, ಯಾರಾದ್ರೂ ಹಿಂಸೆ ಕೊಡ್ತಾ ಇದಾರಾ ಅನ್ನೋದನ್ನೂ ನೋಡ್ಬೇಕು, ಒಬ್ಬರನ್ನ ಕಂಡ್ರೆ ಮಾತ್ರ ಮಗು ಹೆದರ್ಕೊಳ್ತಾ ಇದ್ರೆ ಅದನ್ನ ತಳ್ಳಿಹಾಕಬೇಡಿ.

ಹಠ ಮತ್ತು ಮೆಲ್ಟ್‌ಡೌನ್ ಎರಡೂ ಒಂದೇನಾ?

ಅಲ್ಲ. ಹಠದಲ್ಲಿ ಮಗು ನಿಮ್ಮ ಮುಖ ನೋಡ್ತಾ ಇರತ್ತೆ, ಬೇಕಾದ್ದು ಸಿಕ್ಕಿದ್ರೆ ನಿಲ್ಲತ್ತೆ. ಮೆಲ್ಟ್‌ಡೌನಲ್ಲಿ ಏನು ಕೊಟ್ರೂ ನಿಲ್ಲಲ್ಲ, ಅದು ತಡ್ಕೊಳ್ಳೋಕಾಗದೆ ಆಗಿರೋದು, ಆವಾಗ ಮಾತು ಕಿವಿಗೆ ಹೋಗೋದೇ ಇಲ್ಲ. ಆ ಹೊತ್ತಲ್ಲಿ ಪಾಠ ಹೇಳೋಕೆ ಹೋಗ್ಬೇಡಿ, ಲೈಟ್, ಸದ್ದು, ಜನ ಮೂರನ್ನೂ ಕಮ್ಮಿ ಮಾಡಿ, ಪಕ್ಕದಲ್ಲಿರಿ.

ಕೇಳಿದ್ದನ್ನ ಕೊಟ್ಬಿಟ್ರೆ ಇನ್ನೂ ಜಾಸ್ತಿ ಮಾಡಲ್ವಾ?

ಹೊಡೆದ ಮೇಲೆ ಕೊಟ್ರೆ ಖಂಡಿತ ಜಾಸ್ತಿ ಆಗತ್ತೆ. ಆದ್ರೆ ಕಾರ್ಡ್ ತೋರಿಸಿದ ಮೇಲೆ, ಕೈ ಸನ್ನೆ ಮಾಡಿದ ಮೇಲೆ ಕೊಟ್ರೆ ಜಾಸ್ತಿ ಆಗೋದು ಕಾರ್ಡ್ ತೋರಿಸೋದು. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ತೋರಿಸಿಕೊಟ್ಟಿದ್ದು ಇದನ್ನೇ, ಕೇಳೋಕೆ ಒಂದು ಸುಲಭ ದಾರಿ ಕಲಿಸಿದ್ರೆ, ಅದು ಆ ವರ್ತನೆ ಯಾಕೆ ಬರ್ತಿತ್ತೋ ಅದೇ ಕಾರಣಕ್ಕೆ ಹೊಂದಿದ್ರೆ, ಸಮಸ್ಯೆ ವರ್ತನೆ ಕಮ್ಮಿ ಆಗತ್ತೆ ಅಂತ. ಶುರುವಲ್ಲಿ ಮಗು ದಿನಕ್ಕೆ ಮೂವತ್ತು ಸಲ "ಸಾಕು" ಕಾರ್ಡ್ ತೋರಿಸಬಹುದು. ಮೂವತ್ತು ಸಲವೂ ಒಪ್ಕೊಳ್ಳಿ. ಕಾಯೋದನ್ನ ಆಮೇಲೆ ನಿಧಾನಕ್ಕೆ ಕಲಿಸೋಣ, ಮೊದಲು ಈ ಕಾರ್ಡ್ ನಿಜವಾಗ್ಲೂ ಕೆಲಸ ಮಾಡತ್ತೆ ಅನ್ನೋ ನಂಬಿಕೆ ಅದಕ್ಕೆ ಬರಬೇಕು. ಹೊಸ ಟೀಚರ್ ಬಂದು ಕಾರ್ಡೆಲ್ಲಾ ಬೀರುವಲ್ಲಿ ಇಟ್ಬಿಟ್ರೆ ಮತ್ತೆ ಹೊಡೆತಕ್ಕೇ ವಾಪಸ್.

ಸಿಟ್ಟು ಏರ್ತಾ ಇರೋವಾಗ ನಿಜವಾಗಿ ಏನ್ ಮಾಡ್ಬೇಕು?

ಮೊದಲು ನಿಮ್ಮನ್ನ ನೀವು ನೋಡ್ಕೊಳ್ಳಿ. ಭುಜ ಬಿಗಿಯಾಗಿದ್ಯಾ, ಉಸಿರು ಮೇಲೆ ಬಂದಿದ್ಯಾ, ಒಂದ್ಸಲ ನಿಧಾನವಾಗಿ ಉಸಿರು ಬಿಡಿ. ಎರಡು ಕೈ ಅಳತೆ ದೂರ ನಿಲ್ಲಿ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವರಿಗೂ ದಾರಿ ಇರಬೇಕು ನಿಮಗೂ ಇರಬೇಕು. ಕೈ ಬಿಚ್ಚಿ ಕಾಣೋ ಹಾಗೆ ಇಟ್ಕೊಳ್ಳಿ, ಸೊಂಟದ ಮೇಲೆ ಇಟ್ಕೊಂಡ್ರೆ ಜಗಳಕ್ಕೆ ನಿಂತ ಹಾಗೆ ಕಾಣತ್ತೆ. ಮಿಕ್ಕ ಮಕ್ಕಳನ್ನ, ಮಿಕ್ಕ ರೋಗಿಗಳನ್ನ ಬೇರೆ ಕಡೆ ಕರ್ಕೊಂಡು ಹೋಗೋಕೆ ಇನ್ನೊಬ್ಬರಿಗೆ ಹೇಳಿ, ಹತ್ತು ಜನ ಸುತ್ತ ನಿಂತು ನೋಡ್ತಾ ಇದ್ರೆ ಯಾರಿಗಾದ್ರೂ ಇಳಿಯೋದು ಕಷ್ಟ.

ಮಾತಾಡೋದು ಒಬ್ಬರೇ. ಇದು ತುಂಬಾ ಮುಖ್ಯ, ಯಾಕಂದ್ರೆ ನಮ್ಮಲ್ಲಿ ಏನಾದ್ರೂ ಆದ್ರೆ ನಾಲ್ಕು ಜನ ಒಟ್ಟಿಗೆ "ಏಯ್ ಬಿಡೋ", "ಕೂತ್ಕೋ", "ಸುಮ್ನಿರು" ಅಂತ ಕೂಗ್ತಾರೆ. ಸಣ್ಣ ಸಣ್ಣ ವಾಕ್ಯ, ಮಧ್ಯೆ ಗ್ಯಾಪ್. ಮಕ್ಕಳಿಗಾದ್ರೆ ಎರಡೇ ಪದ ಸಾಕು. ವಾರ್ಡಲ್ಲಿ ದೊಡ್ಡವರಿಗಾದ್ರೆ ಮನೆಗೆ ಕಳಿಸಿ ಅಂತ ಕೂಗ್ತಾ ಇದಾರೆ ಅನ್ಕೊಳ್ಳಿ, "ಅಣ್ಣ, ಮನೆ ನೆನಪಾಗ್ತಿದೆ ನಿಮಗೆ, ಗೊತ್ತಾಯ್ತು. ನಾನಿಲ್ಲೇ ಇದೀನಿ. ಇಲ್ಲಿ ಕೂರ್ತೀರಾ, ವರಾಂಡಕ್ಕೆ ಹೋಗೋಣ್ವಾ?" ಅಂತ. ಎರಡು ಆಯ್ಕೆ ಕೊಡಿ, ಎರಡೂ ನಿಮಗೆ ಕೊಡೋಕಾಗೋದೇ ಆಗಿರಲಿ, ಸಂಜೆ ಮನೆಗೆ ಕಳಿಸ್ತೀವಿ ಅಂತ ಸುಳ್ಳು ಹೇಳಬೇಡಿ, ಆ ಸುಳ್ಳಿನ ಫಲ ಸಂಜೆ ಡ್ಯೂಟಿಯೋರಿಗೆ ಸಿಗತ್ತೆ. ಬಹುವಚನ ಬಿಡಬೇಡಿ, ವಯಸ್ಸಾದವರಿಗೆ ಏಕವಚನದಲ್ಲಿ ಮಾತಾಡಿದ್ರೆ ಇರೋ ಸಿಟ್ಟು ದುಪ್ಪಟ್ಟಾಗತ್ತೆ. ರೋಗಿ ಮನೆಮಾತು ಉರ್ದುನೋ ತುಳುನೋ ತೆಲುಗೋ ಆಗಿದ್ರೆ ಆ ಭಾಷೆ ಬರೋ ಸ್ಟಾಫ್ ಯಾರಿದಾರೆ ಅಂತ ಮುಂಚೆಯೇ ಗೊತ್ತಿರಬೇಕು. ತುರ್ತು ಚಿಕಿತ್ಸೆಯ ಮನೋವೈದ್ಯರ ಅಮೆರಿಕದ ಸಂಘ 2012ರಲ್ಲಿ ಪ್ರಾಜೆಕ್ಟ್ ಬೀಟಾ ಅಂತ ಗೈಡ್‌ಲೈನ್ಸ್ ತಂದಿದ್ದು, ಅದ್ರಲ್ಲೂ ಇದೇ ಇದೆ: ದೂರ ಇರಲಿ, ಒಬ್ಬರೇ ಮಾತಾಡಲಿ, ಚಿಕ್ಕದಾಗಿ ಹೇಳಿ, ಏನು ಬೇಕು ಅಂತ ಕೇಳಿ, ಕೇಳಿಸ್ಕೊಳ್ಳಿ.

ಇದನ್ನೆಲ್ಲಾ ಓದಿದ್ರೆ ಬರಲ್ಲ, ರೋಲ್ ಪ್ಲೇ ಮಾಡ್ಲೇಬೇಕು. ಎಲ್ಲರೂ ನಾಚ್ಕೋತಾರೆ, ಪರವಾಗಿಲ್ಲ. ಎದುರಿಗಿರೋರು ನಿಜವಾಗಿ ಕೂಗಿದಾಗ ನಿಮ್ಮ ದನಿ ತಾನಾಗೇ ಏರತ್ತೆ, ಅದನ್ನ ಇಳಿಸೋ ಅಭ್ಯಾಸ ಟ್ರೇನಿಂಗ್ ಹಾಲಲ್ಲೇ ಆಗ್ಬೇಕು.

ಕೂದಲು ಹಿಡಿದ್ರೆ, ಕಚ್ಚಿದ್ರೆ?

ಎಳ್ಕೋಬೇಡಿ. ಕೂದಲು ಹಿಡಿದ ಕೈಯನ್ನ ನಿಮ್ಮ ಎರಡೂ ಕೈಯಿಂದ ತಲೆಗೇ ಒತ್ತಿ ಹಿಡ್ಕೊಳ್ಳಿ, ನೋವು ಕಮ್ಮಿ ಆಗತ್ತೆ, ಆಮೇಲೆ ಬೆರಳು ಸಡಿಲ ಆಗೋ ತನಕ ಕಾಯ್ರಿ. ಕಚ್ಚಿದಾಗಲೂ ಹಿಂದಕ್ಕೆ ಎಳೆದ್ರೆ ಚರ್ಮ ಹರಿಯತ್ತೆ, ಮೆಲ್ಲಗೆ ಬಾಯಿ ಕಡೆಗೇ ಒತ್ತಿದ್ರೆ ಬಾಯಿ ಬಿಡೋ ಸಾಧ್ಯತೆ ಜಾಸ್ತಿ, ಆದ್ರೆ ಮೂಗು ಮುಚ್ಚಬಾರದು. ಚರ್ಮ ಹರಿದಿದ್ರೆ ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ದಿನನಿತ್ಯ ಕೂದಲು ಕಟ್ಕೊಳ್ಳೋದು, ಜೋತಾಡೋ ಓಲೆ, ಉದ್ದ ಸರ, ಕುತ್ತಿಗೆಗೆ ಸುತ್ತೋ ಐಡಿ ಕಾರ್ಡ್ ದಾರ ತೆಗೆದಿಡೋದು, ಇಷ್ಟರಿಂದಲೇ ಎಷ್ಟೋ ಗಾಯ ತಪ್ಪತ್ತೆ. ಇವನ್ನ ಗೊತ್ತಿರೋರ ಎದುರಿಗೆ ಮಾಡಿ ಕಲೀರಿ, ಓದ್ಕೊಂಡು ನೇರ ಮಗುವಿನ ಮೇಲೆ ಪ್ರಯೋಗ ಬೇಡ.

ಕಟ್ಟಿಹಾಕಬಹುದಾ? ರೂಮಲ್ಲಿ ಕೂಡಿಹಾಕಬಹುದಾ?

2017ರ ಮಾನಸಿಕ ಆರೋಗ್ಯ ಕಾಯ್ದೆ ಇದ್ರ ಬಗ್ಗೆ ಸ್ಪಷ್ಟವಾಗಿದೆ. ಸರಪಳಿ ಹಾಕೋದು ಯಾವ ರೂಪದಲ್ಲೂ ಇಲ್ಲ, ಅದು ಸೆಕ್ಷನ್ 95. ಒಂಟಿಯಾಗಿ ಕೂಡಿಹಾಕೋ ಹಾಗಿಲ್ಲ, ದೈಹಿಕವಾಗಿ ತಡೆಹಿಡಿಯೋದು ಬೇರೆ ಯಾವ ದಾರಿಯೂ ಇಲ್ಲದೆ ತಕ್ಷಣದ ಅಪಾಯ ತಪ್ಪಿಸೋಕೆ ಮಾತ್ರ, ಅದೂ ಚಿಕಿತ್ಸೆ ಕೊಡ್ತಿರೋ ಮನೋವೈದ್ಯರ ಒಪ್ಪಿಗೆಯಿಂದ, ಅದು ಸೆಕ್ಷನ್ 97. ಶಿಕ್ಷೆಯಾಗಿ ಮಾಡೋ ಹಾಗಿಲ್ಲ, ಸ್ಟಾಫ್ ಕಮ್ಮಿ ಇದಾರೆ ಅಂತ ಮಾಡೋ ಹಾಗೂ ಇಲ್ಲ. ಈ ಕೊನೇ ಮಾತನ್ನ ಎಲ್ಲಾ ಮ್ಯಾನೇಜ್ಮೆಂಟೂ ಓದಬೇಕು, ಯಾಕಂದ್ರೆ ನೆಲದ ಮೇಲೆ ನಡೆಯೋ ಕಟ್ಟಿಹಾಕೋದ್ರಲ್ಲಿ ಎಷ್ಟೋ ಭಾಗ ರಾತ್ರಿ ಡ್ಯೂಟಿಗೆ ಜನ ಇಲ್ಲದ್ದರಿಂದಲೇ ನಡೆಯೋದು. ಯಾಕೆ, ಹೇಗೆ, ಎಷ್ಟು ಹೊತ್ತು ಅಂತ ಕೇಸ್ ಶೀಟಲ್ಲಿ ಬರೀಬೇಕು, ರೋಗಿ ಹೆಸರಿಸಿದ ಪ್ರತಿನಿಧಿಗೆ ಪ್ರತಿ ಸಲವೂ 24 ಗಂಟೆ ಒಳಗೆ ತಿಳಿಸ್ಬೇಕು, ತಿಂಗಳ ರಿಪೋರ್ಟ್ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗ್ಬೇಕು. 2001ರ ಆಗಸ್ಟಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ ಜನ ಓಡೋಕಾಗದೆ ಸತ್ರು, 28 ಜನ. ಕಾನೂನಲ್ಲಿ ಸರಪಳಿ ಅನ್ನೋ ಪದ ಓದುವಾಗೆಲ್ಲಾ ನಂಗೆ ಅದೇ ಕಣ್ಮುಂದೆ ಬರತ್ತೆ.

ಸ್ಪೆಷಲ್ ಸ್ಕೂಲಿನೋರು "ಇದು ಆಸ್ಪತ್ರೆಗಲ್ವಾ" ಅಂತಾರೆ. ಬೌದ್ಧಿಕ ಅಸಾಮರ್ಥ್ಯ ಆ ಕಾಯ್ದೆಯ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಬರಲ್ಲ ಅನ್ನೋದು ನಿಜ. ಆದ್ರೆ ನಿಮಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಕ್ರೂರ, ಅಮಾನವೀಯ ನಡತೆಯಿಂದ ರಕ್ಷಣೆ ಅಲ್ಲಿದೆ. ಶಾಲೆಗಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17, ಹೊಡೆಯೋದೂ ಇಲ್ಲ ಮಾನಸಿಕ ಹಿಂಸೆಯೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75ರಲ್ಲಿ ಮಕ್ಕಳ ಮೇಲಿನ ಕ್ರೌರ್ಯಕ್ಕೆ ಜೈಲು ಶಿಕ್ಷೆ ಇದೆ. ದುಪ್ಪಟ್ಟಾದಿಂದ ಕುರ್ಚಿಗೆ ಕಟ್ಟೋದು, ಸ್ಟೋರ್ ರೂಮಿಗೆ ಹಾಕಿ ಚಿಲಕ ಹಾಕೋದು, ಇವ್ಯಾವ್ದನ್ನೂ ಶಿಸ್ತು ಅಂತ ಸಮರ್ಥಿಸ್ಕೊಳ್ಳೋಕಾಗಲ್ಲ.

ನೆಲಕ್ಕೆ ಮಲಗಿಸಿ ಹಿಡ್ಕೊಂಡ್ರೆ ಬೇಗ ಸುಮ್ನಾಗ್ತಾರಲ್ಲ?

ಬೋರಲು ಮಲಗಿಸಿ ಬೆನ್ನ ಮೇಲೆ ಮಂಡಿ ಊರಿ ಹಿಡಿಯೋದನ್ನ ದಯವಿಟ್ಟು ಯಾವತ್ತೂ ಮಾಡ್ಬೇಡಿ. ಎದೆ ಹಿಗ್ಗೋಕೆ ಜಾಗ ಇಲ್ಲದೆ ಉಸಿರು ನಿಲ್ಲಬಹುದು. ಸುಮ್ನಾಗಿದ್ದಾರೆ ಅನ್ನೋದು ಸಮಾಧಾನ ಆಗಿರೋದಕ್ಕಲ್ಲ, ಉಸಿರಾಡೋಕೆ ಆಗದೆ ಇರೋದಕ್ಕೂ ಇರಬಹುದು. 1998ರಲ್ಲಿ ಅಮೆರಿಕದ ಒಂದು ಪತ್ರಿಕೆ ಹತ್ತು ವರ್ಷದ ದಾಖಲೆ ಹುಡುಕಿ ಹೀಗೆ ಹಿಡಿದಾಗ, ಕಟ್ಟಿದಾಗ, ಕೂಡಿಹಾಕಿದಾಗ ಆದ 142 ಸಾವುಗಳನ್ನ ಬರೆದಿತ್ತು, ಅದಾದ ಮೇಲೇ ಅಲ್ಲಿ ಕಾನೂನು ಬಿಗಿಯಾಯ್ತು. "ಉಸಿರಾಡೋಕಾಗ್ತಿಲ್ಲ" ಅಂತ ಯಾರಾದ್ರೂ ಹೇಳಿದ್ರೆ, ನಾಟಕ ಅನ್ಸಿದ್ರೂ ಸರಿ, ತಕ್ಷಣ ಬಿಡಿ. ಹೊಟ್ಟೆತುಂಬಾ ಊಟ ಮಾಡಿರೋರು, ದಪ್ಪ ಇರೋರು, ಆಸ್ತಮಾ ಅಥವಾ ಹೃದಯದ ತೊಂದರೆ ಇರೋರು, ಕುಡಿದಿರೋರು, ಇಂಜೆಕ್ಷನ್ ಕೊಟ್ಟಿರೋರು, ಇವರಿಗೆಲ್ಲಾ ಅಪಾಯ ಇನ್ನೂ ಜಾಸ್ತಿ.

ಕ್ಯಾಶುವಾಲ್ಟಿಲಿ ರೋಗಿಗಿಂತ ಕಡೆಯವರದ್ದೇ ಗಲಾಟೆ, ಅದಕ್ಕೇನು?

ಕರ್ನಾಟಕದಲ್ಲಿ ವೈದ್ಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯೋಕೆ 2009ರ ಕಾಯ್ದೆ ಇದೆ, ಹೊಡೆದ್ರೆ ದೂರು ಕೊಡಿ. ಆದ್ರೆ ಅದಕ್ಕೆ ಮುಂಚಿನ ಮಾತು, ಗಲಾಟೆ ಶುರುವಾಗೋದು ಬಹಳ ಸಲ ಯಾರೂ ಏನೂ ಹೇಳ್ತಿಲ್ಲ ಅನ್ನೋದ್ರಿಂದ. ಒಬ್ಬ ಸ್ಟಾಫ್‌ಗೆ ಅದೇ ಕೆಲಸ ಕೊಡಿ, ಆಗಾಗ ಹೊರಗೆ ಬಂದು "ಸ್ಕ್ಯಾನ್ ರಿಪೋರ್ಟ್ ಇನ್ನೂ ಬಂದಿಲ್ಲ, ಡಾಕ್ಟರ್ ಒಳಗೇ ಇದಾರೆ, ನಾನೇ ಬಂದು ಹೇಳ್ತೀನಿ" ಅನ್ನಲಿ. ಹೊಸ ವಿಷಯ ಇಲ್ಲದಿದ್ರೂ ಬಂದು ಹೇಳಲಿ.

ಯಾವ ಸರ್ಟಿಫಿಕೇಟ್ ಮಾಡಿದ್ರೆ ಒಳ್ಳೇದು?

ಸ್ಪೆಷಲ್ ಎಜುಕೇಶನ್, ರಿಹ್ಯಾಬಿಲಿಟೇಶನ್ ಸೈಕಾಲಜಿ ಥರದ ಕೆಲಸಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕೇ ಬೇಕು, 1992ರ ಕಾಯ್ದೆ ಹಾಗೆ ಹೇಳತ್ತೆ, ಬೇರೆ ಯಾವ ಶಾರ್ಟ್ ಕೋರ್ಸೂ ಅದಕ್ಕೆ ಬದಲಿ ಅಲ್ಲ. ಆರ್‌ಬಿಟಿ, ಬಿಸಿಬಿಎ ಅನ್ನೋ ಬಿಹೇವಿಯರ್ ಥೆರಪಿ ಸರ್ಟಿಫಿಕೇಟುಗಳ ಬಗ್ಗೆ ತುಂಬಾ ಜನ ಕೇಳ್ತಾರೆ: ಅದನ್ನ ಕೊಡೋ ಅಮೆರಿಕದ ಬೋರ್ಡ್ 2023ರಿಂದ ನಮ್ಮ ದೇಶದಲ್ಲಿರೋರಿಂದ ಹೊಸ ಅರ್ಜಿ ತಗೊಳ್ಳೋದು ನಿಲ್ಲಿಸಿದೆ, ಅದನ್ನ ಹೇಳದೆ ದುಡ್ಡು ತಗೊಂಡು ಕೋರ್ಸ್ ಮಾರೋರ ಬಗ್ಗೆ ಹುಷಾರಾಗಿರಿ. ಡಿ-ಎಸ್ಕಲೇಶನ್‌ಗೆ ಟ್ರೇನಿಂಗ್ ಕೊಡೋ ಹಳೇ ಸಂಸ್ಥೆ ಸಿಪಿಐ (ಕ್ರೈಸಿಸ್ ಪ್ರಿವೆನ್ಶನ್ ಇನ್ಸ್ಟಿಟ್ಯೂಟ್), 1980ರಲ್ಲಿ ಮಿಲ್ವಾಕಿಯಲ್ಲಿ ಶುರುವಾಗಿದ್ದು, ಗಲ್ಫ್, ಬ್ರಿಟನ್, ಅಮೆರಿಕಕ್ಕೆ ನರ್ಸಾಗಿ ಹೋಗೋರಿಗೆ ಅಲ್ಲಿಯ ಆಸ್ಪತ್ರೆಯೇ ಸಾಮಾನ್ಯವಾಗಿ ಇಂಥ ಟ್ರೇನಿಂಗ್ ಮಾಡಿಸತ್ತೆ. ಇಲ್ಲಿ ಕೆಲಸ ಮಾಡೋರು ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್, ಎನ್‌ಐಇಪಿಐಡಿ ನಡೆಸೋ ವರ್ಕ್‌ಶಾಪ್, ಸಿಆರ್‌ಇ (ನೋಂದಣಿ ಇರೋರು ಮುಂದುವರಿಸಿ ಕಲಿಯೋ) ಕಾರ್ಯಕ್ರಮಗಳ ಮೇಲೆ ಕಣ್ಣಿಟ್ಟಿರಿ. ನನ್ನ ಕೇಳಿದ್ರೆ ಕೋರ್ಸಿನ ಹೆಸರಿಗಿಂತ ಅದ್ರಲ್ಲಿ ರೋಲ್ ಪ್ಲೇ ಎಷ್ಟು ಹೊತ್ತು, ಆಮೇಲೆ ನಿಮ್ಮ ಸೆಂಟರಿಗೆ ಬಂದು ಯಾರಾದ್ರೂ ನೋಡ್ತಾರಾ, ಇವೆರಡನ್ನ ಕೇಳಿ. ಒಂದು ದಿನ ಕೂತು ಪಿಪಿಟಿ ನೋಡಿ ಬಂದ್ರೆ ಮುಂದಿನ ವಾರಕ್ಕೆ ಎಲ್ಲಾ ಮರೆತುಹೋಗತ್ತೆ.

ಮನೇಲಿ ಅಪ್ಪ ಅಮ್ಮ ಹೊಡೀತಾರೆ, ನಾವು ಇಲ್ಲಿ ಏನ್ ಮಾಡಿದ್ರೂ ಅಷ್ಟೇ ಅಲ್ವಾ?

ಅವರನ್ನ ಬೈಬೇಡಿ. ರಾತ್ರಿಯೆಲ್ಲಾ ನಿದ್ದೆಯಿಲ್ಲದ ಮಗು, ಕೆಳಗಿನ ಮನೆಯೋರ ಮಾತು, ಸಾಲದ್ದಕ್ಕೆ ನೆಂಟರ ಬುದ್ಧಿವಾದ, ಇದ್ರಲ್ಲಿ ಅವರೂ ಸೋತಿರ್ತಾರೆ. ಇಡೀ ಪ್ಲಾನ್ ಒಟ್ಟಿಗೆ ಕೊಡ್ಬೇಡಿ, ದಿನದಲ್ಲಿ ಒಂದು ಹೊತ್ತು ಆರಿಸ್ಕೊಳ್ಳಿ, ಸ್ನಾನನೋ ಊಟನೋ, ಅದೊಂದರಲ್ಲಿ ಕಾರ್ಡ್ ಬಳಸೋದು ಹೇಗೆ ಅಂತ ಮಾಡಿ ತೋರಿಸಿ, ಅಜ್ಜಿ ಮನೇಲಿದ್ರೆ ಅಜ್ಜಿಗೆ ತೋರಿಸಿ.

ಘಟನೆ ಆದ್ಮೇಲೆ ಏನು?

ಮಗುಗೆ ಅಥವಾ ರೋಗಿಗೆ ನೀರು ಕೊಡಿ, ಸುಧಾರಿಸ್ಕೊಳ್ಳೋಕೆ ಬಿಡಿ, ಕೆಲವರಿಗೆ ಒಂದು ಗಂಟೆ ಮೇಲೂ ಬೇಕಾಗತ್ತೆ, ತಕ್ಷಣ "ಸಾರಿ ಹೇಳು" ಅಂದ್ರೆ ಮತ್ತೆ ಏರತ್ತೆ. ಪೆಟ್ಟಾಗಿದ್ಯಾ ನೋಡಿ. ಅದೇ ದಿನ ಬರೆದಿಡಿ. ಮಾತಾಡೋ ಸ್ಥಿತಿಲಿರೋರಿಗೆ ಆಮೇಲೆ ಕೇಳಿ, ಮುಂದಿನ ಸಲ ಹಾಗಾದ್ರೆ ನಾವೇನ್ ಮಾಡಿದ್ರೆ ನಿಮಗೆ ಅನುಕೂಲ ಅಂತ.

ಸ್ಟಾಫ್ ಕೂಡ ಮನುಷ್ಯರೇ. ಹೊಡೆಸ್ಕೊಂಡ ಆಯಾ ಹತ್ತು ನಿಮಿಷದಲ್ಲಿ ಅದೇ ಮಗುಗೆ ಊಟ ಮಾಡಿಸ್ಬೇಕು ಅಂದ್ರೆ ಅವಳ ಕೈ ನಡುಗತ್ತೆ. ಬೇರೆಯವರನ್ನ ಕಳಿಸಿ, ಟೀ ಕೊಡಿ, ಏನಾಯ್ತಮ್ಮ ಅಂತ ಕೇಳಿ. "ನೀನೇನ್ ಮಾಡ್ದೆ ಅವನಿಗೆ?" ಅಂತ ಮೊದಲ ಪ್ರಶ್ನೆ ಕೇಳಿದ್ರೆ ಇನ್ಮುಂದೆ ಯಾವ ಘಟನೆಯೂ ರಿಜಿಸ್ಟರಿಗೆ ಬರಲ್ಲ.

ಟ್ರೇನಿಂಗ್ ಕೆಲಸ ಮಾಡಿದ್ಯಾ ಅಂತ ಹೇಗೆ ಗೊತ್ತಾಗೋದು?

ಗಾಯಗಳು, ಹಿಡ್ಕೊಂಡ ಸಲಗಳು, ಹೊತ್ತು, ಇವನ್ನ ತಿಂಗಳು ತಿಂಗಳು ಎಣಿಸಿ. ಮೊದಲ ತಿಂಗಳು ಸಂಖ್ಯೆ ಏರಬಹುದು, ಮುಂಚೆ ಬರೀತಾ ಇರ್ಲಿಲ್ಲ ಈಗ ಬರೀತಿದಾರೆ ಅಂತ ಅಷ್ಟೇ, ಹೆದರ್ಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಭ್ಯಾಸ ಮಾಡಿಸಿ, ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ.

ಕೈ ಮೀರಿದ್ರೆ ಯಾರಿಗೆ ಫೋನ್ ಮಾಡೋದು?

ಜೀವಕ್ಕೆ ಅಪಾಯ ಅಂದ್ರೆ 112, ಆಂಬ್ಯುಲೆನ್ಸ್ 108. ಮಕ್ಕಳ ವಿಷಯಕ್ಕೆ 1098. ಮಾನಸಿಕ ಆರೋಗ್ಯಕ್ಕೆ 14416, ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಸ್ಟಾಫ್ ಕೂಡ ತಮಗೋಸ್ಕರ ಮಾಡಬಹುದು. ಪೊಲೀಸರು ಬಂದ್ರೆ ಅವರಿಗೂ ಒಂದು ವಿಷಯ ಗೊತ್ತಿರಲಿ, 2017ರ ಕಾಯ್ದೆಯ ಸೆಕ್ಷನ್ 100ರ ಪ್ರಕಾರ ಮಾನಸಿಕ ಕಾಯಿಲೆ ಇರಬಹುದು ಅಂತ ರಕ್ಷಣೆಗೆ ತಗೊಂಡವರನ್ನ ಲಾಕಪ್ಪಲ್ಲಿ ಇಡೋ ಹಾಗಿಲ್ಲ, 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಈ ನಂಬರ್‌ಗಳನ್ನ ದಪ್ಪ ಅಕ್ಷರದಲ್ಲಿ ಬರೆದು ಆಯಾಗಳು ಕೂರೋ ಜಾಗದಲ್ಲಿ, ವ್ಯಾನ್ ಒಳಗೆ, ಸೆಕ್ಯುರಿಟಿ ಟೇಬಲ್ ಹತ್ರ ಅಂಟಿಸಿ, ಪ್ರಿನ್ಸಿಪಾಲ್ ರೂಮಲ್ಲಿ ಮಾತ್ರ ಬೇಡ.